ದೊಡ್ಡಮಾವನ ಎಲೆ ಮಡಚಿದ್ದು

ನನ್ನ ಕೆಲಸ ಏನು ಅಂತ ಯಾರಾದರೂ ಕೇಳಿದರೆ ನಮ್ಮತ್ತೆ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದರು: "ಏರೋಪ್ಲೇನಲ್ಲಿ ಕಾಫಿ ಕೊಡೋದು." ಕೇಳಿದವರು ಇನ್ನೂ ಏನೋ ಇರಬೇಕು ಅಂತ ಕಾಯುತ್ತ ನಿಂತರೆ, ಪಾಪ ಅನ್ನಿಸಿ, "ನೀರೂ ಕೊಡ್ತಾಳೆ" ಅಂತ ಸೇರಿಸುತ್ತಿದ್ದರು.

ಇದರಲ್ಲಿ ಸುಳ್ಳೇನೂ ಇಲ್ಲ. ಕಾಫಿ ಕೊಟ್ಟಿದ್ದೇನೆ, ನೀರು ಕೊಟ್ಟಿದ್ದೇನೆ, ಕಿಟಕಿ ಸೀಟು ಸಿಗಲಿಲ್ಲ ಅಂತ ಮುನಿಸಿಕೊಂಡ ದೊಡ್ಡ ಮನುಷ್ಯರಿಗೆ ಸಮಾಧಾನ ಹೇಳಿದ್ದೇನೆ. ಆದರೆ ನಮ್ಮನ್ನು ವಿಮಾನದಲ್ಲಿ ಇಟ್ಟಿರುವುದು ಅದಕ್ಕಲ್ಲ. ಕಾಫಿ ಏನಿದ್ದರೂ ಏನೂ ಆಗದ ದಿನದ ಕೆಲಸ. ಏನಾದರೂ ಆದ ದಿನ, ಹೊಗೆಯೋ ಬೆಂಕಿಯೋ ಕಂಡ ದಿನ, ಒಂದೂವರೆ ನಿಮಿಷದಲ್ಲಿ ವಿಮಾನವನ್ನು ಖಾಲಿ ಮಾಡಿಸುವುದಕ್ಕೆ ನಾವು ಇರುವುದು. ಆ ದಿನ ಬರದಿರಲಿ ಅಂತ ದೇವರಿಗೆ ಕೈಮುಗಿದು, ಬಂದರೆ ಹೇಗೆ ಅಂತ ವರ್ಷ ವರ್ಷವೂ ಗಂಟಲು ಹರಿಯುವಂತೆ ಕೂಗಿ ಪರೀಕ್ಷೆ ಕೊಟ್ಟು, ಮಿಕ್ಕ ದಿನ ಕಾಫಿ ಕೊಡುತ್ತೇವೆ. ಇದನ್ನೆಲ್ಲ ಅತ್ತೆಗೆ ಒಮ್ಮೆ ಕೂತು ವಿವರವಾಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅಲ್ಲಾ, ಸಕ್ಕರೆ ಬೇರೆ ಕೊಡ್ತೀರೋ, ಹಾಕೇ ಕೊಡ್ತೀರೋ?" ಅಂದರು.

ನನ್ನ ತವರು ದೇವನಹಳ್ಳಿ ಕಡೆ. ಚಕ್ಕೋತದ ಮರದ ಕೆಳಗೆ ನಿಂತರೆ ತಲೆ ಮೇಲೇ ವಿಮಾನ. ನಮ್ಮೂರಿನಲ್ಲಿ ಅದನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ. ಸದ್ದು ಬಂದಾಗ ಮಾತು ನಿಲ್ಲಿಸಿ, ಹೋದಮೇಲೆ ನಿಲ್ಲಿಸಿದ ಪದದಿಂದಲೇ ಮುಂದುವರಿಸುತ್ತೇವೆ. ನನ್ನನ್ನು ಕೊಟ್ಟಿದ್ದು ದಾಬಸ್‌ಪೇಟೆ ಕಡೆಗೆ. ಇಲ್ಲಿ ಹಿತ್ತಲ ಬಾಗಿಲು ತೆಗೆದರೆ ಶಿವಗಂಗೆ ಬೆಟ್ಟ. ಗಂಡ ನೆಲಮಂಗಲದ ಒಂದು ಗೋಡೌನಿನಲ್ಲಿ ಶಿಫ್ಟ್ ಸೂಪರ್‌ವೈಸರ್. ಮದುವೆಯಾದಮೇಲೂ ನಾನು ಹಾರುತ್ತಲೇ ಇದ್ದೆ. ಬೆಳಗಾಗುವ ಮುಂಚೆ ಹೊರಟು ದೊಡ್ಡಬಳ್ಳಾಪುರದ ಮೇಲೆ ಏರ್‌ಪೋರ್ಟಿಗೆ ಹೋಗುವುದು ಅಭ್ಯಾಸವಾಗಿತ್ತು. ಆಮೇಲೆ ಮಗಳು ಹುಟ್ಟಿದಳು. ರಜೆ ಹಾಕಿದೆ. ರಜೆ ಮುಗಿಯುತ್ತ ಬಂತು.

ಆಫೀಸಿನಿಂದ ಫೋನು ಬಂತು. ವಾಪಸ್ಸು ಬರುತ್ತೀಯೋ ಇಲ್ಲವೋ ಸೋಮವಾರ ಹೇಳಬೇಕು. ಬರುವುದಾದರೆ ಬಾಗಿಲು ತೆಗೆಯುವುದು, ಬಾಗಿಲಿಂದ ನೆಲಕ್ಕೆ ಗಾಳಿ ತುಂಬಿದ ಜಾರುಬಂಡೆ ಬಿಡುವುದು, ಕೂಗಿ ಜನರನ್ನು ಇಳಿಸುವುದು, ಎಲ್ಲ ಪರೀಕ್ಷೆಯನ್ನೂ ಮತ್ತೆ ಕೊಡಬೇಕು. ಪರೀಕ್ಷೆಯ ಭಯ ನನಗಿರಲಿಲ್ಲ. ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದೊಂದೇ ಪ್ರಶ್ನೆ. ನಮ್ಮಮ್ಮನಿಗೆ ಅಣ್ಣನ ಅವಳಿ ಮಕ್ಕಳನ್ನು ಹಿಡಿಯುವುದರಲ್ಲೇ ಸೊಂಟ ಬಿದ್ದುಹೋಗಿತ್ತು. ಗಂಡನನ್ನು ಕೇಳಿದರೆ, "ಅಮ್ಮನ್ನ ಕೇಳು" ಅಂತ ಹೇಳಿ ಶಿಫ್ಟಿಗೆ ಓಡಿಹೋದರು. ಗೋಡೌನಿನಲ್ಲಿ ಇಪ್ಪತ್ತು ಲಾರಿಯನ್ನು ಒಟ್ಟಿಗೆ ಸಂಭಾಳಿಸುವ ಆ ಮಹಾನುಭಾವರಿಗೆ ತಮ್ಮ ತಾಯಿಯ ಮುಂದೆ ಬಾಯಿ ಬರುವುದಿಲ್ಲ.

ಅತ್ತೆಯನ್ನು ಕೇಳಿದೆ. "ನೋಡೋಣ" ಅಂದರು.

ನಮ್ಮತ್ತೆಯ "ನೋಡೋಣ" ಎಂಥದ್ದು ಅಂತ ಈ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅದು ಹೂಂ ಅಲ್ಲ, ಊಹೂಂ ಅಲ್ಲ. ಫ್ರಿಜ್ ತಗೊಳ್ಳುವಾಗಲೂ "ನೋಡೋಣ" ಅಂದಿದ್ದರಂತೆ. ಎರಡು ಬೇಸಗೆ ಕಳೆದಮೇಲೆ ಬಂತು. ನನ್ನ ಹತ್ತಿರ ಅಷ್ಟು ಬೇಸಗೆ ಇರಲಿಲ್ಲ. ಮೇಲಾಗಿ, ಪಕ್ಕದ ಮನೆಯವರ ಜೊತೆ ಅವರೆಕಾಯಿ ಸುಲಿಯುತ್ತ, "ಎಳೇ ಮಗೂನ ಬಿಟ್ಟು ಆಕಾಶಕ್ಕೋಗೋಕೆ ಮನಸ್ಸಾದ್ರೂ ಹೆಂಗ್ ಬರುತ್ತೋ" ಅಂತ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಬೀಳಲಿ ಅಂತಲೇ ಹೇಳಿದ್ದು. ನನಗೆ ಕೋಪ ಬಂತು, ಅಳುವೂ ಬಂತು. ಹೋಗಬೇಕು ಅನ್ನುವ ಆಸೆ ಮಾತ್ರ ಕಡಿಮೆಯಾಗಲಿಲ್ಲ.

ಯಾವ ಉತ್ತರವೂ ಬರದಿದ್ದರೂ ನಾನು ಅಭ್ಯಾಸ ಶುರುಮಾಡಿದೆ. ಕೂಗುವುದಕ್ಕೆ ಮನೆಯೊಳಗೆ ಆಗುವುದಿಲ್ಲ, ಮಗು ಎದ್ದುಬಿಡುತ್ತದೆ. ಹಿತ್ತಲಿನ ಹುಲ್ಲಿನ ಮೆದೆಯ ಹಿಂದೆ ಹೋಗಿ ನಿಂತೆ. ಅಸಲಿ ಕೂಗು ಇಂಗ್ಲಿಷ್‌ನಲ್ಲಿ, ಹಿಂದಿಯಲ್ಲಿ. ಅಲ್ಲಿ ಕಟ್ಟಿದ್ದ ಹಸುವಿನ ಮುಂದೆ ಇಂಗ್ಲಿಷ್ ಯಾಕೆ ಅಂತ ನಾನೇ ಕನ್ನಡಕ್ಕೆ ತಂದುಕೊಂಡಿದ್ದೆ. "ಬೆಲ್ಟ್ ಬಿಚ್ಚಿ! ಸಾಮಾನು ಬಿಡಿ! ಈ ಕಡೆ ಬನ್ನಿ! ಹಾರಿ!" ಮೊದಲನೇ ದಿನ ಪಕ್ಕದ ಮನೆಯವರು ದೊಣ್ಣೆ ಹಿಡಿದುಕೊಂಡೇ ಓಡಿಬಂದರು, ಯಾರೋ ಕಳ್ಳರು ಹಸು ಬಿಚ್ಚುತ್ತಿದ್ದಾರೆ ಅಂದುಕೊಂಡು. ಎರಡನೇ ದಿನ ಬರಲಿಲ್ಲ. ಮೂರನೇ ದಿನಕ್ಕೆ ಹಸುವೂ ತಿರುಗಿ ನೋಡುವುದನ್ನು ಬಿಟ್ಟಿತು.

ಅತ್ತೆ ಮಾತ್ರ ಹಿತ್ತಲ ಮೆಟ್ಟಿಲ ಮೇಲೆ ಮಗುವನ್ನು ತೊಡೆಯಲ್ಲಿ ಹಾಕಿಕೊಂಡು ಕೂತು ದಿನಾ ಕೇಳುತ್ತಿದ್ದರು. ಒಂದು ದಿನ ತಡೆಯಲಾರದೆ ತಕರಾರು ತೆಗೆದರು.

"ಸಾಮಾನು ಯಾಕಮ್ಮ ಬಿಡ್ಬೇಕು? ಅವರವರ ಸಾಮಾನು ಅವರು ಎತ್ಕೊಂಡು ಹೋಗ್ಲಿ. ನಿನ್ನ ಗಂಟೇನು?"

"ಒಬ್ಬರು ಬ್ಯಾಗ್ ಎಳೀತಾ ನಿಂತ್ರೆ ಹಿಂದೆ ಇರೋರೆಲ್ಲ ನಿಂತೋಗ್ತಾರೆ ಅತ್ತೆ. ಬ್ಯಾಗ್ ಚುಚ್ಚಿ ಜಾರುಬಂಡೆ ಹರಿದೋಗುತ್ತೆ."

ಅತ್ತೆ ತಮ್ಮ ಕೈಚೀಲವನ್ನು ಹತ್ತಿರಕ್ಕೆ ಎಳೆದುಕೊಂಡರು. ಆ ಚೀಲದ ಬಗ್ಗೆ ಹೇಳಬೇಕು. ಎಲೆ ಅಡಿಕೆ, ಸುಣ್ಣದ ಡಬ್ಬಿ, ಕನ್ನಡಕ, ಮಂಡಿಗೆ ಹಚ್ಚುವ ಮುಲಾಮು, ಒಂದು ಟವೆಲು, ಯಾವುದೋ ಕಾಲದ ಬಸ್ ಟಿಕೆಟ್ಟುಗಳು, ಎಲ್ಲ ಅದರಲ್ಲೇ. ಬಸ್ಸಿನಲ್ಲಿ ತೊಡೆ ಮೇಲೆ, ಊಟಕ್ಕೆ ಕೂತರೆ ಕಾಲಿನ ಸಂದಿಯಲ್ಲಿ, ಮಲಗಿದರೆ ತಲೆದಿಂಬಿನ ಪಕ್ಕದಲ್ಲಿ. "ನಾನಂತೂ ಬಿಡಲ್ಲ ಕಣಮ್ಮ" ಅಂದರು. "ಬಿಟ್ಟೋಗೋದು ಎಲ್ಲಾರ್ಗೂ ಬರಲ್ಲ."

ಚೀಲದ ಬಗ್ಗೆ ಹೇಳಿದ್ದಲ್ಲ ಅಂತ ನನಗೂ ಗೊತ್ತಾಯಿತು. ನಾನು ಮತ್ತೆ ಹುಲ್ಲಿನ ಮೆದೆಗೆ ಮುಖಮಾಡಿ, ಬೇಕಾದ್ದಕ್ಕಿಂತ ಜೋರಾಗಿಯೇ "ಹಾರಿ!" ಅಂದೆ.

ಹಾಗೆ ಕೂಗುವುದು ನನಗೆ ಹುಟ್ಟಿನಿಂದ ಬಂದದ್ದಲ್ಲ. ಮೊದಲ ಸಲ ತರಬೇತಿಗೆ ಹೋದಾಗ ನನ್ನ ತೊಂದರೆಯೇ ಮರ್ಯಾದೆ. ದೊಡ್ಡವರ ಮುಂದೆ ದನಿಯೆತ್ತಬಾರದು ಅಂತ ಬೆಳೆದವಳು. ಉಸಿರುಕಟ್ಟುವ ಹೊಗೆಯ ಕೋಣೆಯಲ್ಲಿ ನಿಂತೂ "ಬನ್ನಿ ಸಾರ್, ಬನ್ನಿ ಮೇಡಂ" ಅಂತ ಮೆತ್ತಗೆ ಕರೆಯುತ್ತಿದ್ದೆ. ಕಲಿಸುತ್ತಿದ್ದ ಮೇಡಂ ಬೆಂಗಳೂರಿನವರು, ಬಸವನಗುಡಿ ಕನ್ನಡ, ನಾಲಿಗೆ ಮಾತ್ರ ಕತ್ತರಿ. ನನ್ನ ಕೂಗು ಕೇಳಿ, "ಏನಮ್ಮಾ, ಪ್ಲೇನ್ ಖಾಲಿ ಮಾಡಿಸ್ತಿದ್ದೀಯೋ, ಅರಿಶಿನ ಕುಂಕುಮಕ್ಕೆ ಕರೀತಿದ್ದೀಯೋ?" ಅಂದರು. ಇಡೀ ಬ್ಯಾಚು ನಕ್ಕಿತು. ಅವತ್ತಿನಿಂದ ನನ್ನ ಅಡ್ಡಹೆಸರು ಕುಂಕುಮ.

ಅದೇ ಮೇಡಂ ಹೇಳಿದ ಎರಡು ಮಾತು ತಲೆಯಲ್ಲಿ ಉಳಿದಿವೆ. ಬೆಂಕಿ ಬಿದ್ದರೆ ಜನ ಹುಚ್ಚೆದ್ದು ಓಡುತ್ತಾರೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಬಹಳಷ್ಟು ಜನ ಓಡುವುದಿಲ್ಲ, ಕೂತಿರುತ್ತಾರೆ, ಪಕ್ಕದವರು ಏಳುತ್ತಾರೇನೋ ಅಂತ ನೋಡುತ್ತಿರುತ್ತಾರೆ. ಎದ್ದವರು ಹತ್ತಿರದ ಬಾಗಿಲು ಬಿಟ್ಟು ತಾವು ಒಳಗೆ ಬಂದ ಬಾಗಿಲಿಗೇ ಹೋಗುತ್ತಾರೆ. ಅದಕ್ಕೇ ನಾವು ಕೂಗಬೇಕು, ಬೇಕಾದರೆ ತಳ್ಳಬೇಕು. ಇನ್ನೊಂದು ಅಭ್ಯಾಸವನ್ನೂ ಅವರೇ ಹಚ್ಚಿದರು. ವಿಮಾನ ಏರುವಾಗ, ಇಳಿಯುವಾಗ ನಾವು ಸುಮ್ಮನೆ ಕೈಕಟ್ಟಿ ಕೂತಂತೆ ಕಾಣುತ್ತೇವಲ್ಲ, ಆಗ ಮನಸ್ಸಿನಲ್ಲೇ ಒಂದು ಪಾಠ ಒಪ್ಪಿಸುತ್ತಿರುತ್ತೇವೆ. ನನ್ನ ಬಾಗಿಲು ಯಾವುದು, ಅದು ತೆಗೆಯದಿದ್ದರೆ ಯಾವುದು, ಯಾರಿಗೆ ಸಹಾಯ ಬೇಕು, ಯಾರು ನನಗೆ ಸಹಾಯ ಮಾಡಬಲ್ಲರು. ಈ ಚಾಳಿ ನೆಲದ ಮೇಲೂ ಬಿಡುವುದಿಲ್ಲ. ಬಸ್ಸಿನಲ್ಲಿ ಕೂತರೂ, ಸಿನಿಮಾಕ್ಕೆ ಹೋದರೂ ನನ್ನ ಕಣ್ಣು ಬಾಗಿಲು ಹುಡುಕುತ್ತದೆ. ಮದುವೆಯ ಮಂಟಪದಲ್ಲಿ ಅಕ್ಷತೆ ಬೀಳುವಾಗ ನಾನು ಹಿಂದಿನ ಬಾಗಿಲಿನ ಚಿಲಕ ನೋಡುತ್ತಿದ್ದೆ ಅಂತ ಗಂಡ ಇವತ್ತಿಗೂ ರೇಗಿಸುತ್ತಾರೆ. ಓಡಿಹೋಗುವ ಯೋಚನೆ ಇತ್ತೇನೋ ಅಂತ ಅವರಿಗೆ ಅನುಮಾನ.

ಸೋಮವಾರದ ಹಿಂದಿನ ದಿನ, ಭಾನುವಾರ, ದೊಡ್ಡಮಾವನ ಕೊನೇ ಮಗನ ಬೀಗರ ಊಟ. ದೊಡ್ಡಮಾವ ಅಂದರೆ ನಮ್ಮ ಮಾವನವರ ಅಣ್ಣ, ಈ ವಂಶಕ್ಕೇ ಹಿರಿಯರು. ಮದುವೆಯ ಸಿಹಿಯೂಟ ಹೆಣ್ಣಿನವರದ್ದಾದರೆ ಈ ಬಾಡೂಟ ನಮ್ಮದು. ನಮ್ಮ ಕಡೆಯವರಲ್ಲಿ ಮದುವೆಗೆ ತಪ್ಪಿಸಿಕೊಂಡವರು ಉಂಟು, ಬೀಗರ ಊಟಕ್ಕೆ ತಪ್ಪಿಸಿಕೊಂಡವರು ಇಲ್ಲ. ದಾಬಸ್‌ಪೇಟೆಯ ಹೈವೇ ಪಕ್ಕದ ಒಂದು ಕಲ್ಯಾಣ ಮಂಟಪ. ಮೇಲೆ ದೊಡ್ಡ ಹಾಲು, ಅದರ ಬಾಗಿಲು ನೇರ ರಸ್ತೆಗೆ. ಒಳಗಿನ ಮೆಟ್ಟಿಲಿಳಿದರೆ ಕೆಳಗೆ ಊಟದ ಹಾಲು. ಜಾಗ ಇಳಿಜಾರಾದ್ದರಿಂದ ಊಟದ ಹಾಲಿನ ಹಿಂದಿನ ಬಾಗಿಲು ಅಡುಗೆಯವರ ಅಂಗಳಕ್ಕೆ ತೆರೆಯುತ್ತದೆ. ಆ ಬಾಗಿಲ ಮುಂದೆ ಪ್ಲಾಸ್ಟಿಕ್ ಕುರ್ಚಿಗಳನ್ನು ಎದೆಮಟ್ಟಕ್ಕೆ ಪೇರಿಸಿಟ್ಟಿದ್ದರು. ಇಳಿದು ಬಂದ ತಕ್ಷಣ ನಾನು ನೋಡಿದ್ದು ಅದನ್ನೇ.

ಗಂಡನಿಗೆ ಶಿಫ್ಟು ಇತ್ತು, ಸಂಜೆ ಬರುತ್ತೇನೆ ಅಂದಿದ್ದರು. ಮಗು ಅಳುತ್ತಿತ್ತು. ಅತ್ತೆ ಅದನ್ನು ಎತ್ತಿಕೊಂಡು, "ನೀನು ಮೊದಲನೇ ಪಂಕ್ತಿಗೇ ಕೂತ್ಕೊ, ನಾನು ಮೇಲೆ ರೂಮಲ್ಲಿ ಮಲಗಿಸ್ತೀನಿ" ಅಂತ ಹೋದರು. ಚೀಲವೂ ಜೊತೆಗೇ ಹೋಯಿತು. ಎಲೆಯ ಮುಂದೆ ಕೂತು ನನ್ನ ಮನಸ್ಸಿನ ಪಾಠ ಒಪ್ಪಿಸಿದೆ. ಬಾಗಿಲು ಎರಡು. ಒಂದು ಮೆಟ್ಟಿಲು, ಒಂದು ಹಿಂದಿನದು. ಹಿಂದಿನದಕ್ಕೆ ಕುರ್ಚಿ ಅಡ್ಡ. ಮಗಳು ಅತ್ತೆಯ ಹತ್ತಿರ. ಪಾಠ ಮುಗಿಯಿತು. ಬೋಟಿ ಗೊಜ್ಜು ಬಂತು.

ಬೀಗರ ಊಟದ ಪಂಕ್ತಿ ನೋಡದವರಿಗೆ ಅದರ ಕಾಯಿದೆಗಳನ್ನು ಸ್ವಲ್ಪ ಹೇಳಬೇಕು. ಕೂತವರು ಉಣ್ಣುತ್ತಿದ್ದರೆ ಪ್ರತಿಯೊಬ್ಬರ ಕುರ್ಚಿಯ ಹಿಂದೆಯೂ ಒಬ್ಬರು ಕುರ್ಚಿಯ ಬೆನ್ನು ಹಿಡಿದು ನಿಂತಿರುತ್ತಾರೆ. ಎದ್ದ ಕ್ಷಣ ಕೂರಬೇಕು, ಇಲ್ಲದಿದ್ದರೆ ಇನ್ನೊಬ್ಬರು ಕೂತುಬಿಡುತ್ತಾರೆ. ನಾವು ಮುದ್ದೆ ಮುರಿಯುವುದನ್ನು, ಮೂಳೆ ಕಚ್ಚುವುದನ್ನು ನಮ್ಮ ನೆತ್ತಿಯ ಮೇಲಿಂದ ಅವರು ನೋಡುತ್ತಲೇ ಇರುತ್ತಾರೆ. ಎರಡನೆಯದು, ಪಂಕ್ತಿಯಲ್ಲಿ ಹಿರಿಯರು ಏಳುವ ತನಕ ಯಾರೂ ಏಳುವ ಹಾಗಿಲ್ಲ. ಅವತ್ತು ಪಂಕ್ತಿಯ ತಲೆಯಲ್ಲಿ ಕೂತಿದ್ದವರು ದೊಡ್ಡಮಾವ. ಅವರ ಊಟ ಪ್ರಸಿದ್ಧ. ಮುದ್ದೆಯನ್ನು ತುತ್ತು ತುತ್ತಾಗಿ ಮಾತಾಡಿಸಿಕೊಂಡು ನುಂಗುತ್ತಾರೆ.

ಕರೆಂಟು ಹೋಗಿ ಜನರೇಟರು ಹಾಕಿದರು. ಸ್ವಲ್ಪ ಹೊತ್ತಿಗೆ ಮೂಗಿಗೆ ಏನೋ ಬಡಿಯಿತು. ಮಾಂಸದ ವಾಸನೆಯಲ್ಲ, ವೈರು ಸುಡುವ ವಾಸನೆ. ವಿಮಾನದಲ್ಲಿ ನಮಗೆ ಎಲ್ಲಕ್ಕಿಂತ ಮೊದಲು ಕಲಿಸುವ ವಾಸನೆ ಅದು. ತಿರುಗಿ ನೋಡಿದರೆ ಮೆಟ್ಟಿಲ ಕೆಳಗಿನ ಕರೆಂಟ್ ಬೋರ್ಡಿನಿಂದ ಕಪ್ಪು ಹೊಗೆ ಎದ್ದು, ಬೆಂಕಿ ಅಲಂಕಾರದ ಬಟ್ಟೆಯನ್ನು ಹಿಡಿಯುತ್ತಿತ್ತು. ನನ್ನ ಪಕ್ಕದವರೂ ನೋಡಿದರು. "ಕಬಾಬ್ ಹಾಕ್ತಾವ್ರೆ ಅನ್ಸುತ್ತೆ" ಅಂತ ತೃಪ್ತಿಯಿಂದ ಹೇಳಿ ಊಟ ಮುಂದುವರಿಸಿದರು.

ನಾನು ಎದ್ದೆ. ಏಳುತ್ತಿದ್ದ ಹಾಗೇ ನನ್ನ ಜಾಗದಲ್ಲಿ ಯಾರೋ ಕೂತರು. ಹಿಂದಿನ ಬಾಗಿಲ ಹತ್ತಿರ ಹೋಗಿ ಪಕ್ಕದ ಕಿಟಕಿಯಿಂದ ಹೊರಗೆ ಇಣುಕಿದೆ. ಬಾಗಿಲು ತೆಗೆಯುವ ಮುಂಚೆ ಹೊರಗೆ ನೋಡು, ಆ ಕಡೆ ಬೆಂಕಿಯಿದ್ದರೆ ತೆಗೆಯಬೇಡ, ಇದು ನಮ್ಮ ಮೊದಲ ನಿಯಮ. ಆ ಕಡೆ ಅಡುಗೆಯವರು ಈರುಳ್ಳಿ ಹೆಚ್ಚುತ್ತಿದ್ದರು. ಕಿಟಕಿ ಬಡಿದು ಹೊರಗಿನ ಚಿಲಕ ತೆಗೆಸಿದೆ, ಕುರ್ಚಿಗಳನ್ನು ಎಳೆದು ಹಾಕಿಸಿದೆ. ಆಮೇಲೆ ಹಾಲಿಗೆ ತಿರುಗಿ, ಹೊಸ ಬೀಗರೂ ಇದ್ದಾರಲ್ಲ ಅಂತ, ಆದಷ್ಟು ಮರ್ಯಾದೆಯಿಂದ, "ಎಲ್ಲಾರೂ ದಯವಿಟ್ಟು ಎದ್ದು ಈ ಬಾಗಿಲಿಗೆ ಬನ್ನಿ, ಬೆಂಕಿ ಹತ್ತಿಕೊಂಡಿದೆ" ಅಂದೆ.

ಕುಂಕುಮ ಮತ್ತೆ ಬಂದಿದ್ದಳು. ಯಾರೂ ಏಳಲಿಲ್ಲ.

ಇಲ್ಲ, ಇಬ್ಬರು ಎದ್ದರು. ಅವರು ಎದ್ದ ತಕ್ಷಣ ಅವರ ಹಿಂದೆ ನಿಂತಿದ್ದ ಇಬ್ಬರು ಕೂತು, ಎಂಜಲೆಲೆ ಪಕ್ಕಕ್ಕೆ ಸರಿಸಿ, "ಇಲ್ಲಿಗೊಂದು ಎಲೆ" ಅಂತ ಕರೆದರು. ಎದ್ದವರು ಪೆಚ್ಚಾಗಿ ನಿಂತರು. ಮಿಕ್ಕವರೆಲ್ಲ ಮಾಡಿದ್ದು ಒಂದೇ ಕೆಲಸ: ದೊಡ್ಡಮಾವನ ಮುಖ ನೋಡಿದರು. ದೊಡ್ಡಮಾವ ಮುದ್ದೆ ಮುರಿಯುತ್ತಿದ್ದರು. ಹಾಗಾಗಿ ಬೆಂಕಿ ಇನ್ನೂ ಅಧಿಕೃತವಾಗಿರಲಿಲ್ಲ.

ಹುಲ್ಲಿನ ಮೆದೆಯ ಮುಂದೆ ಬಂದ ದನಿಯನ್ನು ಈಗ ತೆಗೆದೆ. "ಎದ್ದೇಳಿ! ಎಲೆ ಬಿಡಿ! ಈ ಕಡೆ ಬನ್ನಿ!" ಹಾಲು ಗಕ್ಕನೆ ನಿಂತಿತು. ಈ ಮನೆಗೆ ಬಂದಮೇಲೆ ನಾನು ಗಂಡಸರ ಮುಂದೆ ಅಷ್ಟು ಗಟ್ಟಿಯಾಗಿ ಕೆಮ್ಮಿದವಳೂ ಅಲ್ಲ. ದೊಡ್ಡಮಾವ ನಿಧಾನವಾಗಿ ತಲೆಯೆತ್ತಿ, "ಯಾಕಮ್ಮಾ ಹಿಂಗೆ ಕಿರುಚ್ತೀಯ? ಬಿರಿಯಾನಿ ಬರ್ಲಿ, ಏಳ್ತೀವಿ" ಅಂದರು.

ಹೊಗೆ ಚಾವಣಿಯುದ್ದಕ್ಕೂ ನಮ್ಮ ಕಡೆಗೆ ಹರಿಯುತ್ತಿತ್ತು. ಅವರ ಎದುರಿಗೆ ಹೋಗಿ ನಿಂತೆ. ಕೈ ಚಾಚಿ, ಅವರ ಕಡೆಯ ಎಲೆಯ ಅಂಚನ್ನು ಹಿಡಿದು, ಮುದ್ದೆ, ಸಾರು, ಮೊಟ್ಟೆ, ಉಪ್ಪಿನ ಸಮೇತ ಎಲೆಯನ್ನು ಮಡಚಿ ಹಾಕಿಬಿಟ್ಟೆ.

ಹಾಲಿನಲ್ಲಿ ಯಾರೋ "ಅಯ್ಯೋ ಶಿವನೇ" ಅಂದರು. ದೊಡ್ಡಮಾವ ಮಡಚಿದ ಎಲೆಯನ್ನು ನೋಡಿದರು, ನನ್ನನ್ನು ನೋಡಿದರು. ಎಪ್ಪತ್ತು ವರ್ಷದಿಂದ ಆ ಮನುಷ್ಯರು ಎಲೆ ಮಡಚಿದಮೇಲೆ ಕೂತವರಲ್ಲ. ಏನು ಬೈಯಬೇಕು ಅಂತ ಬಾಯಿ ಯೋಚಿಸುತ್ತಿದ್ದ ಹಾಗೇ ಕಾಲು ತಾನಾಗಿ ಎದ್ದು ನಿಂತಿತು. ಅವರು ಎದ್ದರು ಅಂದರೆ ಮುಗಿಯಿತು. ಇಡೀ ಪಂಕ್ತಿ ಕುರ್ಚಿ ತಳ್ಳಿ ಎದ್ದಿತು. ಎದುರು ಪಂಕ್ತಿಯಲ್ಲಿದ್ದ ಬೀಗರೂ, ತಮ್ಮಿಂದೇನೋ ತಪ್ಪಾಯಿತು ಅಂದುಕೊಂಡವರಂತೆ, ಎದ್ದರು.

ಎದ್ದಮೇಲೆ ಜನ ಎರಡು ಕಡೆಗೆ ಹೊರಟರು. ಕುರ್ಚಿ ಹಿಡಿದು ನಿಂತಿದ್ದವರು, ಮೇಡಂ ಹೇಳಿದ್ದ ಹಾಗೇ, ಬಂದ ದಾರಿಗೇ. ನಮ್ಮವರಿಗೆ ಆ ದಾರಿ ಇನ್ನೂ ಪ್ರೀತಿ, ಯಾಕೆಂದರೆ ಚಪ್ಪಲಿ ಬಿಟ್ಟಿರುವುದು ಅಲ್ಲೇ. ಹೊಗೆಯೊಳಗೆ ನುಗ್ಗಿ ಚಪ್ಪಲಿ ಹುಡುಕಲು ಹೊರಟೇಬಿಟ್ಟರು. ಬಿರಿಯಾನಿ ತಟ್ಟೆ ಹಿಡಿದು ನಿಂತಿದ್ದ ಮದುಮಗನ ಸೋದರಮಾವ ಕಣ್ಣಿಗೆ ಬಿದ್ದರು, ಬಾಗಿಲಿನಷ್ಟೇ ಅಗಲದ ಆಳು. "ನೀವು! ಅಲ್ಲಿ ಅಡ್ಡ ನಿಂತ್ಕೊಳ್ಳಿ! ಯಾರನ್ನೂ ಬಿಡಬೇಡಿ! ಈ ಕಡೆ ಕಳಿಸಿ!" ಅಂತ ಬೆರಳು ಮಾಡಿ ಕೂಗಿದೆ. ಅವರು ಎರಡನೇ ಮಾತಾಡದೆ, ತಟ್ಟೆಯನ್ನೂ ಕೆಳಗಿಡದೆ, ಹೋಗಿ ಅಡ್ಡ ನಿಂತರು. ಬಿರಿಯಾನಿ ಇರುವವರ ಮಾತನ್ನು ಯಾರೂ ಮೀರಲಿಲ್ಲ.

ಉಂಡವರು ನನ್ನ ಬಾಗಿಲ ಕಡೆಗೇ ಬಂದರು, ಯಾಕೆಂದರೆ ಕೈ ತೊಳೆಯುವ ನಲ್ಲಿಗಳು ಅದರ ಪಕ್ಕದಲ್ಲೇ. ಬಂದವರು ಬಾಗಿಲು ದಾಟುವುದು ಬಿಟ್ಟು ನಲ್ಲಿಯ ಮುಂದೆ ಸಾಲು ನಿಂತರು! ನನ್ನ ಯಾವ ತರಬೇತಿಯಲ್ಲೂ ಇದು ಇರಲಿಲ್ಲ. "ಕೈ ತೊಳೀಬೇಡಿ! ಆಮೇಲೆ! ಹೊರಗೆ, ಹೊರಗೆ!" ಅಂತ ಕೂಗಿದೆ. "ಎಂಜಲು ಕೈಲಿ ಆಚೆಗೋಗ್ತಾರೇನಮ್ಮ" ಅಂತ ಒಬ್ಬ ಅಜ್ಜಿ ನ್ಯಾಯ ಕೇಳುತ್ತ ನಿಂತರು. ಸೊಂಟದ ಹಿಂದೆ ಕೈಯಿಟ್ಟು ಹೊರಗೆ ದಬ್ಬಿದೆ. ಅದನ್ನು ಹೇಗೆ ದಬ್ಬಬೇಕು ಅಂತ ನಮಗೆ ಕಲಿಸಿದ್ದಾರೆ. ಇನ್ನೊಂದು ಕೈಯಲ್ಲಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದೆ, ಜನರ ನೂಕಿಗೆ ನಾನೇ ಆಚೆ ಬೀಳದ ಹಾಗೆ. ಅದನ್ನೂ ಕಲಿಸಿದ್ದಾರೆ.

ಹೊಗೆ ತಲೆಮಟ್ಟಕ್ಕೆ ಇಳಿಯಿತು. "ಬಗ್ಗಿ ಬನ್ನಿ! ಬಗ್ಗಿ!" ಆಗ, ಜನರ ತಲೆಗಳ ಮೇಲಿಂದ, ಮೆಟ್ಟಿಲು ಕಾಣಿಸಿತು. ಕಾಣಿಸಿತು ಅಂದರೆ, ಕಾಣಿಸಲಿಲ್ಲ. ಅಲ್ಲಿ ಬರೀ ಕಪ್ಪು ಇತ್ತು, ಅದು ಮೇಲಕ್ಕೇ ಹೋಗುತ್ತಿತ್ತು. ಮೇಲೆ ನನ್ನ ಮಗಳು ಮಲಗಿದ್ದಳು.

ಇಲ್ಲಿ ಸುಳ್ಳು ಹೇಳಲಾರೆ. ಕಾಲು ಆ ಕಡೆಗೆ ತಿರುಗಿತು. ಬಾಗಿಲು ಬಿಟ್ಟರೆ ಈ ಜನ ಮತ್ತೆ ನಲ್ಲಿಯ ಮುಂದೆ ನಿಲ್ಲುತ್ತಾರೆ. ಮಗಳು ಅತ್ತೆಯ ಹತ್ತಿರ ಇದ್ದಾಳೆ. ಇವೆರಡನ್ನೂ ಒಂದರ ಹಿಂದೆ ಒಂದು ಹೇಳಿಕೊಳ್ಳುತ್ತ ಚೌಕಟ್ಟನ್ನು ಇನ್ನೂ ಬಿಗಿಯಾಗಿ ಹಿಡಿದು ಕೂಗುತ್ತಲೇ ಹೋದೆ. ಕೊನೆಗೆ ಸೋದರಮಾವ ಕೆಮ್ಮುತ್ತ ಬಂದರು. ಬಗ್ಗಿ ಮೇಜುಗಳ ಕೆಳಗೆಲ್ಲ ನೋಡಿ, "ಯಾರಾದ್ರೂ ಇದ್ದೀರಾ?" ಅಂತ ಕರೆದು, ಯಾರೂ ಇಲ್ಲ ಅಂತ ಖಾತ್ರಿಯಾದಮೇಲೆ ನಾನೂ ಹೊರಗೆ ಬಂದೆ.

ಹೊರಗೆ ಅಡುಗೆಯವರು ಅಷ್ಟರಲ್ಲಿ ಜನರೇಟರು ನಿಲ್ಲಿಸಿ, ಮುಂದಿನಿಂದ ಹೋಗಿ ಬೋರ್ಡಿನ ಮೇಲೆ ಮರಳು ಸುರಿಯುತ್ತಿದ್ದರು. ಒಂದು ಬೋರ್ಡು, ಒಂದಿಷ್ಟು ಬಟ್ಟೆ, ಕೆಲವರ ಚಪ್ಪಲಿ, ಇಷ್ಟೇ ಸುಟ್ಟಿದ್ದು. ಹೊಂಗೆ ಮರದ ಕೆಳಗೆ ಎರಡೂ ಕಡೆಯ ನೆಂಟರು ಬರಿಗಾಲಿನಲ್ಲಿ, ಒಣಗುತ್ತಿರುವ ಎಂಜಲು ಕೈಯನ್ನು ಮುಂದೆ ಚಾಚಿಕೊಂಡು ನಿಂತಿದ್ದರು. ನಾನು ಮುಂದಿನ ರಸ್ತೆಗೆ ಓಡಲು ಹೊರಟೆ.

ಆಗ ಕಾಂಪೌಂಡಿನ ಮೂಲೆ ತಿರುಗಿ ಅತ್ತೆ ಬಂದರು. ಕಂಕುಳಲ್ಲಿ ಮಗಳು, ಕಣ್ಣರಳಿಸಿಕೊಂಡು. ಅತ್ತೆಯ ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಹೊಗೆಯ ವಾಸನೆ ಬಂದ ತಕ್ಷಣ ಮಗುವನ್ನು ಎತ್ತಿಕೊಂಡು ಮೇಲಿನ ಬಾಗಿಲಿಂದ ನೇರ ರಸ್ತೆಗೆ ಇಳಿದಿದ್ದರು. ನನ್ನನ್ನು ಹುಡುಕಿಕೊಂಡು ಸುತ್ತುಹಾಕಿ ಬಂದಿದ್ದರು. ಅಷ್ಟರಲ್ಲಿ ಒಬ್ಬರಲ್ಲ ಒಬ್ಬರು, ನಿಮ್ಮ ಸೊಸೆ ಕೊನೇತನಕ ಬಾಗಿಲು ಬಿಟ್ಟು ಕದಲಲಿಲ್ಲ ಅಂತ ಹೇಳಿಯೂ ಆಗಿತ್ತು.

ಅತ್ತೆ ನನ್ನ ಮುಂದೆ ನಿಂತರು. ಮಗುವನ್ನು ಕೊಡಲಿಲ್ಲ.

"ಮಗು ಎಲ್ಲಿ ಅಂತ ಒಂದ್ಸಲನೂ ಕೇಳ್ಲಿಲ್ಲವಂತಲ್ಲ ನೀನು?"

ಮುಗಿಯಿತು ಅಂದುಕೊಂಡೆ. ಸೋಮವಾರ, ಕೆಲಸ, ಎಲ್ಲವೂ ಅಲ್ಲಿಗೆ ಮುಗಿಯಿತು. ಎಳೇ ಮಗುವನ್ನು ಬಿಟ್ಟು ಹೋಗುವವಳು ಅಂತ ಇವರು ಹೇಳಿದ್ದಕ್ಕೆ ಊರೆಲ್ಲ ಸಾಕ್ಷಿಯಾಯಿತು. ಸಮಜಾಯಿಷಿ ಕೊಡುವಷ್ಟು ಗಂಟಲು ನನಗೆ ಉಳಿದಿರಲಿಲ್ಲ. ಇದ್ದದ್ದನ್ನೇ ಹೇಳಿದೆ.

"ನಿಮ್ಮ ಹತ್ರ ಇತ್ತಲ್ಲ, ಅತ್ತೆ."

ಅತ್ತೆ ಮಗುವನ್ನು ಆ ಕಂಕುಳಿಂದ ಈ ಕಂಕುಳಿಗೆ ಬದಲಾಯಿಸಿಕೊಂಡರು. ಅದರ ಮೈಗೆ ತಮ್ಮ ಸೆರಗು ಹೊದಿಸಿದರು. ನನ್ನ ಮುಖವನ್ನೇ ನೋಡುತ್ತಿದ್ದರು, ಕೋಪ ಇತ್ತೋ ಇಲ್ಲವೋ ತಿಳಿಯಲಿಲ್ಲ.

ಆಗ ನಡುವೆ ಬಾಯಿ ಹಾಕಿದವರು ದೊಡ್ಡಮಾವ. "ಅದೆಲ್ಲ ಹಂಗಿರ್ಲಿ" ಅಂದರು. "ನನ್ನ ಎಲೆ ಮಡಚಿದ್ಲಲ್ಲ, ಅದನ್ನ ಒಪ್ಕೋತೀನಿ. ಆದ್ರೆ ಆ ಕಡೆಗೆ ಯಾಕೆ ಮಡಚಿದ್ಲು ಅಂತ ಕೇಳಿ ಯಾರಾದ್ರೂ. ನಾನೇನು ಸತ್ತೋಗಿದ್ನಾ?"

ಆಗಲೇ ನನಗೆ ಹೊಳೆದದ್ದು. ಶುಭದ ಊಟದಲ್ಲಿ ಎಲೆಯನ್ನು ನಮ್ಮ ಕಡೆಗೆ ಮಡಚಿಕೊಳ್ಳುತ್ತೇವೆ. ಆಚೆ ಕಡೆಗೆ ಮಡಚುವುದು ತಿಥಿಯೂಟದಲ್ಲಿ. ನಾನು ಎದುರಿಗೆ ನಿಂತು ಎಳೆದದ್ದರಿಂದ ಎಲೆ ನನ್ನ ಕಡೆಗೆ, ಅಂದರೆ ಅವರಿಗೆ ಆಚೆ ಕಡೆಗೆ ಮಡಚಿಕೊಂಡಿತ್ತು. ಮಗನ ಬೀಗರ ಊಟದಲ್ಲಿ ಆ ಹಿರಿಯರಿಗೆ ನಾನು ಬದುಕಿದ್ದಾಗಲೇ ತಿಥಿ ಮಾಡಿ ಮುಗಿಸಿದ್ದೆ. ಮೊದಲು ನಕ್ಕವರು ಹೊಸ ಬೀಗರು. ಆಮೇಲೆ ಮರದ ಕೆಳಗೆ ನಗದವರೇ ಇಲ್ಲ. 

ಅಂಗಳದಲ್ಲೇ ಹೊಸದಾಗಿ ಎಲೆ ಹಾಕಿದರು. ದೊಡ್ಡಮಾವ, "ಏರೋಪ್ಲೇನಲ್ಲಿ ಬಡಿಸೋಳಲ್ವಾ, ಬಾ, ನನಗೆ ನೀನೇ ಬಡಿಸು, ತಪ್ಪುಕಾಣಿಕೆ" ಅಂದರು. ಎರಡು ಮುದ್ದೆ ಬಡಿಸಿದೆ. ಊಟ ಮುಗಿದಮೇಲೆ ಎಲ್ಲರಿಗೂ ಕಾಣುವ ಹಾಗೆ, ಎಲೆಯನ್ನು ತಮ್ಮ ಕಡೆಗೆ ಮಡಚಿ ಎರಡು ಸಲ ತಟ್ಟಿದರು. ಇವತ್ತಿಗೂ ಯಾವ ಮದುವೆಯಲ್ಲಿ ನಾನು ಎದುರಿಗೆ ಸುಳಿದರೂ ಅವರು ಎಡಗೈಯಲ್ಲಿ ಎಲೆಯ ಅಂಚನ್ನು ಒತ್ತಿ ಹಿಡಿದುಕೊಳ್ಳುತ್ತಾರೆ.

ಸಂಜೆ ಗಂಡ ಬರುವ ಮೊದಲೇ ನಾವು ಆಟೋ ಹಿಡಿದೆವು. ಅತ್ತೆಯ ಚೀಲವನ್ನು ಮೇಲಿನ ರೂಮಿನಿಂದ ಯಾರೋ ತಂದುಕೊಟ್ಟಿದ್ದರು. ಹೊಗೆಯ ವಾಸನೆ ಹೊಡೆಯುತ್ತಿತ್ತು. ಆಗಲೇ ನನಗೆ ಗೊತ್ತಾಯಿತು, ಅತ್ತೆ ಅದನ್ನು ಬಿಟ್ಟು ಇಳಿದಿದ್ದರು. ರೇಗಿಸುವ ಆಸೆಯಾಯಿತು. ಧೈರ್ಯ ಬರಲಿಲ್ಲ. ಆಟೋ ಹೈವೇ ಬಿಟ್ಟು ಊರಿನ ರಸ್ತೆಗೆ ತಿರುಗಿತು. ಮಗಳು ಅವರ ತೊಡೆಯ ಮೇಲೆ ನಿದ್ದೆಹೋಗಿದ್ದಳು. ಮಗುವಿಗೆ ಒತ್ತುತ್ತದೆ ಅಂತ ಚೀಲವನ್ನು ಎತ್ತಿ ನನ್ನ ತೊಡೆಗೆ ಹಾಕಿದರು. ಮದುವೆಯಾಗಿ ಬಂದಮೇಲೆ ಆ ಚೀಲವನ್ನು ನಾನು ಮುಟ್ಟಿದ್ದು ಅದೇ ಮೊದಲು.

"ನಾಳೆ ಅಲ್ವಾ ನಿಮ್ಮ ಆಫೀಸ್ನೋರಿಗೆ ಫೋನ್ ಮಾಡ್ಬೇಕಾಗಿರೋದು?" ಅಂದರು, ಹೊರಗೆ ನೋಡುತ್ತ.

"ಹೂಂ ಅತ್ತೆ."

"ಬರ್ತೀನಿ ಅಂತ ಹೇಳು. ಮಗು ನನ್ನ ಹತ್ರ ಇರುತ್ತೆ."